ಬೆಟ್ಟಕ್ಕೆ ಹೊರಡುವ ಮುನ್ನ ಒಂದು ಎಕ್ಸ್‌ರೇ

ಜಯನಗರ ಮೂರನೇ ಬ್ಲಾಕ್,
ಬೆಂಗಳೂರು ೧೧
೧೬ ನವೆಂಬರ್ ೧೯೬೩, ಶನಿವಾರ

ಪ್ರೀತಿಯ ಗುರು ಅಣ್ಣನಿಗೆ,

ನಿನ್ನ ತಂಗಿ ಮಂಗಳಾ ಮಾಡುವ ಶರಣು. ನಾನು, ಅಪ್ಪ ಇಬ್ಬರೂ ಕ್ಷೇಮ. ಕ್ಷೇಮ ಎಂದು ಬರೆಯುವುದಕ್ಕೆ ಈ ಸಲ ಸ್ವಲ್ಪ ಯೋಚನೆ ಮಾಡಬೇಕಾಯಿತು, ಅದನ್ನು ಮುಂದೆ ಹೇಳುತ್ತೇನೆ. ಮೊದಲು ನಿನ್ನ ಮೊಣಕಾಲಿನ ಸಮಾಚಾರ ಬರೆ. ಹೋದ ಕಾಗದದಲ್ಲಿ ಚಳಿಜ್ವರ ಬಂದು ಹೋಯಿತು ಎಂದು ಒಂದೇ ಸಾಲು ಬರೆದು, ಆಮೇಲೆ ಎರಡು ಪುಟ ಜಿರಾಫೆಗಳ ವಿಷಯ ಬರೆದಿದ್ದೀಯ. ಜಿರಾಫೆಗಳ ಯೋಗಕ್ಷೇಮ ನಾನು ಕೇಳಿರಲಿಲ್ಲ. ಅಡುಗೆ ಈಗಲೂ ನೀನೇ ಮಾಡಿಕೊಳ್ಳುತ್ತೀಯೋ, ಈಗಲೂ ಅನ್ನ ತಳ ಹಿಡಿಸುತ್ತೀಯೋ? ಐದು ವಾರದ ಹಿಂದೆ ನೀನು ಮೋಶಿಯಿಂದ ಕಳಿಸಿದ ದಪ್ಪ ಲಕೋಟೆ ಎಂದಿನಂತೆ ಶಾಲೆಯ ವಿಳಾಸಕ್ಕೇ ಬಂತು. ನಮ್ಮ ಹೆಡ್‌ಮಿಸ್ಟ್ರೆಸ್ ಅದರ ಮೇಲಿನ ಸ್ಟಾಂಪನ್ನು ತಮ್ಮ ತಂಗಿಯ ಮಗಳಿಗೆ ಎಂದು ಕಿತ್ತುಕೊಂಡೇ ನನ್ನ ಕೈಗೆ ಕೊಟ್ಟರು. ಒಳಗೆ, ರೈಲ್ವೆ ಬಿಟ್ಟ ಮೇಲೆ ನೀನು ಸೇರಿದ ಪ್ರವಾಸದ ಕಂಪನಿಯ ಅಚ್ಚು ಹಾಕಿದ ಹಾಳೆಗಳು. ಕಿಲಿಮಂಜಾರೋ ಹತ್ತಿ ಇಳಿಯುವುದಕ್ಕೆ ಐದು ದಿನ, ಜೊತೆಗೆ ಗೈಡು, ಸಾಮಾನು ಹೊರುವವರು, ಆಮೇಲೆ ನಾಲ್ಕು ದಿನ ಜೀಪಿನಲ್ಲಿ ಕಾಡುಪ್ರಾಣಿ ನೋಡುವ ಸಫಾರಿ. ಕೊನೆಯ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಿನ್ನ ಕೈಬರಹ: ‘ಬರುವಾಗ ಅಪ್ಪನ ಬಾಯಿಂದ ನನಗೊಂದು ಮಾತು ತಾ. ಎಂಥ ಮಾತಾದರೂ ಸರಿ.’ ಹದಿನಾಲ್ಕು ವರ್ಷದಲ್ಲಿ ನೀನು ನನ್ನನ್ನು ಕೇಳಿದ್ದು ಇದೊಂದೇ. ಉತ್ತರ ಇಷ್ಟು ತಡವಾದದ್ದೂ ಅದಕ್ಕೇ.

ಬರುತ್ತೇನೆ ಎಂದು ನಾನು ಆ ದಿನವೇ ಮನಸ್ಸಿನಲ್ಲಿ ಹೇಳಿಕೊಂಡೆ. ಹತ್ತೊಂಬತ್ತು ವರ್ಷದಿಂದ ಹುಡುಗಿಯರಿಗೆ ಭೂಗೋಳ ಹೇಳಿಕೊಡುತ್ತಿದ್ದೇನೆ. ಸಮಭಾಜಕ ವೃತ್ತದ ಪಕ್ಕದಲ್ಲೇ ವರ್ಷವಿಡೀ ಹಿಮ ಕೂತಿರುವ ಬೆಟ್ಟವಿದೆ, ಕಾರಣ ಬರೆಯಿರಿ, ನಾಲ್ಕು ಅಂಕ ಎಂದು ಎಷ್ಟು ಸಲ ಪ್ರಶ್ನೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹಿಮ ಎಂದರೆ ಹೇಗಿರುತ್ತದೆ ಮಿಸ್ ಎಂದು ಯಾರಾದರೂ ಕೇಳಿದರೆ ಮಾತ್ರ ಬೇರೆ ಪಾಠ ತೆಗೆಯುತ್ತಿದ್ದೆ. ನಿನ್ನ ಹಾಳೆಯಲ್ಲಿ ಬರೆದ ಸಾಮಾನುಗಳನ್ನು ಒಂದೊಂದಾಗಿ ಸೇರಿಸಿದೆ. ಉಣ್ಣೆಯ ಕಾಲುಚೀಲ ನಾನೇ ಹೆಣೆದೆ, ಆರು ಜೊತೆ. ಬೂಟಿಗೆ ಮಾತ್ರ ಬಹಳ ಅಲೆದೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಮಿಲಿಟರಿಯವರ ಹಳೆ ಬೂಟು ರಾಶಿ ರಾಶಿ ಇವೆ, ಆದರೆ ಅವುಗಳಲ್ಲಿ ನನ್ನ ಎರಡು ಕಾಲೂ ಒಂದರೊಳಗೇ ಹೋಗುತ್ತವೆ. ಕಡೆಗೆ ಅಳತೆ ಕೊಟ್ಟು ಹೊಲಿಸಿದೆ. ಹೊಸ ಬೂಟನ್ನು ಮೊದಲೇ ಹಾಕಿ ಪಳಗಿಸಬೇಕು ಎಂದು ನೀನು ಬರೆದಿದ್ದೀಯಲ್ಲ, ಸೀರೆಯ ಕೆಳಗೆ ಅದನ್ನೇ ಹಾಕಿಕೊಂಡು ತರಗತಿಗೆ ಹೋಗುತ್ತೇನೆ. ನಾನು ವರಾಂಡದ ಆ ಕೊನೆಯಲ್ಲಿರುವಾಗಲೇ ಹುಡುಗಿಯರು ಮಾತು ನಿಲ್ಲಿಸುತ್ತಾರೆ, ಅಷ್ಟು ಸದ್ದು. ಹೆಂಗಸರೂ ಪ್ಯಾಂಟು ಹಾಕಬೇಕು ಎಂದಿದ್ದಕ್ಕೆ ಖಾಕಿ ಬಟ್ಟೆಯಲ್ಲಿ ಎರಡು ಹೊಲಿಸಿ, ಹಾಕಿಕೊಂಡು ಅಪ್ಪನ ಮುಂದೆ ನಿಂತೆ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿ, ‘ಪೊಲೀಸ್ ಪೇದೆ ಥರ ಇದೆ’ ಎಂದರು. ಚಳಿ ಪರೀಕ್ಷೆಗೆಂದು ಒಂದು ದಿನ ಐಸ್ ಗಡ್ಡೆ ತರಿಸಿ, ಗ್ಲೌಸು ಹಾಕಿದ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿನಲ್ಲಿ ಕೂತಿದ್ದೆ. ಗ್ಲೌಸು ನೆನೆದು ತೊಪ್ಪೆಯಾಯಿತು, ನನಗೆ ಮೂರು ದಿನ ನೆಗಡಿ.

ನಮ್ಮ ಈ ಮನೆಯನ್ನು ನೀನು ನೋಡೇ ಇಲ್ಲ. ನಿನ್ನ ಕಣ್ಣಿನಲ್ಲಿ ನಾವಿನ್ನೂ ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ, ಆ ಒಂದೇ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ನಿಂತಿರಬೇಕು. ಇಲ್ಲಿ ಮುಂದೆ ಎರಡು ಹೊಂಗೆ ಮರ, ಹಿಂದೆ ಬಾವಿ, ನಡುಮನೆಯಲ್ಲಿ ಅಪ್ಪನ ಪೂಜೆಯ ಮಣೆ. ನಮ್ಮ ಬೀದಿಯಾಚೆ ಇನ್ನೆರಡು ಫರ್ಲಾಂಗು ನಡೆದರೆ ಸೈಟುಗಳ ಕಲ್ಲುಗಳಷ್ಟೇ, ಅದರಾಚೆ ರಾಗಿ ಹೊಲ. ದಿನಾ ಬೆಳಿಗ್ಗೆ ಹುಳಿಮಾವಿನಿಂದ ಮುನಿಲಕ್ಷ್ಮಮ್ಮ ಎಂಬಾಕೆ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಐದೂವರೆ ಮೈಲಿ ನಡೆದು ನಮ್ಮ ಬೀದಿಗೆ ಬರುತ್ತಾಳೆ, ಮಾರಿ ಮತ್ತೆ ಅಷ್ಟೇ ದೂರ ನಡೆದು ಹೋಗುತ್ತಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ಕಾಲಿಗೆ ಚಪ್ಪಲಿಯಿಲ್ಲ. ಇವಳಿಗಿಂತ ಒಳ್ಳೆಯ ಗೈಡು ಬೆಂಗಳೂರಿನಲ್ಲಿ ಇನ್ನಾರು ಸಿಗುತ್ತಾರೆ ಎಂದು ಭಾನುವಾರಗಳಲ್ಲಿ ಅವಳ ಜೊತೆ ಹೊರಟೆ. ಬನ್ನೇರುಘಟ್ಟದ ರಸ್ತೆ ಹಿಡಿದು ಹುಳಿಮಾವಿನ ತನಕ ಅವಳ ಸಂಗಡ, ಅಲ್ಲಿಂದ ಗೊಟ್ಟಿಗೆರೆಯ ಕೆರೆ ಏರಿಯವರೆಗೆ ಒಬ್ಬಳೇ, ಮತ್ತೆ ವಾಪಸ್ಸು. ಒಟ್ಟು ಹದಿನೈದು ಮೈಲಿ. ಮೊದಲ ವಾರ ನಾನು ಬಿರಬಿರನೆ ನಡೆದು ಅರ್ಧ ದಾರಿಯಲ್ಲೇ ಒಂದು ಮಾವಿನ ತೋಪಿನಲ್ಲಿ ಕೂತುಬಿಟ್ಟೆ. ಅವಳು ಬಂದು ಗಡಿಗೆ ಇಳಿಸಿ, ‘ಎಷ್ಟು ದೂರ ಅಂತ ನೋಡ್ಬಾರ್ದು ಕಣಮ್ಮೋರೆ, ಕಾಲ್ ಮುಂದಿನ್ ಜಾಗ ನೋಡ್ಕಂಡು ಬನ್ನಿ ಸಾಕು’ ಎಂದಳು. ನಿಮ್ಮ ಬೆಟ್ಟದ ಗೈಡುಗಳೂ ಹೆಜ್ಜೆಹೆಜ್ಜೆಗೂ ನಿಧಾನ ನಿಧಾನ ಎನ್ನುತ್ತಾರೆಂದು ನೀನು ಬರೆದಿದ್ದೀಯ, ಹಾಗಾದರೆ ನನ್ನ ಅರ್ಧ ಪಾಠ ಆದಂತೆ. ಸಫಾರಿಯ ವಿಷಯ ಹೇಳಿದಾಗ ಮಾತ್ರ ಅವಳಿಗೆ ನಗು ತಡೆಯಲಾಗಲಿಲ್ಲ. ‘ಆನೆ ನೋಡಕ್ಕೆ ಹಡಗು ಹತ್ತಿ ಹೋಯ್ತೀರಾ? ನಮ್ ನೆಂಟರ ಹೊಲ ಬನ್ನೇರುಘಟ್ಟದ್ ಮಗ್ಗುಲಾಗೈತೆ. ರಾಗಿ ತೆನೆ ಕಟ್ಟಿದಾಗ ಬನ್ನಿ, ಬ್ಯಾಡ ಅಂದ್ರೂ ಬತ್ತವೆ’ ಎಂದಳು. ಅವಳೇ ನನಗೆ ಎರಡು ಸೇರು ರಾಗಿ ಹುರಿಹಿಟ್ಟು ಮಾಡಿಕೊಟ್ಟಿದ್ದಾಳೆ. ಬೆಟ್ಟದ ಮೇಲೆ ಒಲೆ ಹತ್ತದಿದ್ದರೂ ಬೆಲ್ಲ ನೀರಿನಲ್ಲಿ ಕಲಸಿ ತಿನ್ನಬಹುದಂತೆ.

ಗೊಟ್ಟಿಗೆರೆಯ ಏರಿಯ ಮೇಲೆ ಒಬ್ಬಳೇ ಕೂತಾಗೆಲ್ಲ ನನಗೆ ಶಿವಗಂಗೆ ನೆನಪಾಗುತ್ತದೆ. ನಿನಗೆ ಹನ್ನೆರಡು, ನನಗೆ ಏಳು. ನಿಡವಂದದಲ್ಲಿ ರೈಲು ಇಳಿದು ಬುತ್ತಿಯ ಗಂಟು ಹೊತ್ತುಕೊಂಡು ಬೆಟ್ಟದ ಬುಡಕ್ಕೆ ನಡೆದದ್ದು, ಅರ್ಧ ಮೆಟ್ಟಿಲಿಗೇ ಅಮ್ಮ ಮಂಟಪದಲ್ಲಿ ಕೂತು ನೀವು ಹೋಗಿ ಬನ್ನಿ ಎಂದದ್ದು, ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು. ನೀನು ನಾನೇ ಮೊದಲು ಎಂದು ಓಡಿ ಓಡಿ ಮೇಲೆ ಹೋಗಿ, ತುತ್ತತುದಿಯ ಬಸವಣ್ಣನ ಹತ್ತಿರ ತಲೆ ತಿರುಗಿ ಬಂಡೆ ತಬ್ಬಿಕೊಂಡು ಕೂತಿದ್ದೆ. ಅಪ್ಪ ಬೈಯಲಿಲ್ಲ. ನಿನ್ನ ಪಕ್ಕದಲ್ಲಿ ಕೂತು, ಕೆಳಗೆ ನೋಡಬೇಡ, ಅಂಗೈ ನೋಡಿಕೋ ಎಂದು ಹೇಳಿ, ಅಲ್ಲೇ ನಮ್ಮಿಬ್ಬರಿಂದಲೂ ಪೂಜೆ ಮಾಡಿಸಿದರು. ಆ ಗಾಳಿಯಲ್ಲಿ ವಿಭೂತಿ ಹಣೆಯ ಮೇಲೆ ನಿಲ್ಲುತ್ತಿರಲಿಲ್ಲ. ಎಡಗೈ ಚಾಚಿ, ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು, ಕಣ್ಣು ಮಿಟುಕಿಸದೆ ನಾವು ಮೂವರೂ ಸಾಲಾಗಿ ಕೂತಿದ್ದೆವು. ಆಮೇಲೆ ತಿಂದ ಅಮ್ಮನ ಮೊಸರನ್ನದಷ್ಟು ರುಚಿಯಾದದ್ದನ್ನು ನಾನು ಇಂದಿನವರೆಗೂ ತಿಂದಿಲ್ಲ. ಆ ದಿನಗಳಲ್ಲಿ ನಮ್ಮಪ್ಪ ಎಷ್ಟು ದೊಡ್ಡವರಾಗಿ ಕಾಣುತ್ತಿದ್ದರು ಅಣ್ಣ. ಅವರ ಹೆಗಲ ಮೇಲಿದ್ದರೆ ಬೀಳುವ ಮಾತೇ ಇಲ್ಲ ಎಂದು ನಾನು ನಂಬಿದ್ದೆ.

ನಿನ್ನ ಹಳೆಯ ಕಾಗದ ಮನೆಗೆ ಬಂದ ದಿನ ಏನಾಯಿತು ಎಂದು ನಾನು ನಿನಗೆ ಯಾವತ್ತೂ ಬರೆದಿಲ್ಲ. ಈಗ ಬರೆಯುತ್ತೇನೆ. ನಲವತ್ತೊಂಬತ್ತರಲ್ಲಿ, ಹಡಗು ಹತ್ತುವ ಹಿಂದಿನ ದಿನ ಬೊಂಬಾಯಿಯಿಂದ ನೀನು ಬರೆದ ಕಾಗದ. ಪೋಸ್ಟು ಬಂದಾಗ ಅಪ್ಪ ಕೋರ್ಟಿಗೆ ಹೊರಟು ನಿಂತಿದ್ದರು, ಪೇಟ ಕೂಡ ಸುತ್ತಿಯಾಗಿತ್ತು. ಅಮ್ಮನಿಗೂ ನನಗೂ ಕೇಳಲಿ ಎಂದು ಗಟ್ಟಿಯಾಗಿ ಓದತೊಡಗಿದರು. ಸಮುದ್ರ ನೋಡಿದೆ, ಊಟಕ್ಕೆ ಖಾನಾವಳಿ ಸಿಕ್ಕಿತು, ರೈಲ್ವೆ ಕೆಲಸದ ವೈದ್ಯಕೀಯ ಪರೀಕ್ಷೆ ಮುಗಿಯಿತು, ಎದೆಯ ಎಕ್ಸ್‌ರೇ ತೆಗೆಯುವಾಗ ಕೊರಳಲ್ಲಿರುವ ಲಿಂಗದ ಬೆಳ್ಳಿಯ ಕರಡಿಗೆ ಅಡ್ಡ ಬರುತ್ತದೆ ಎಂದರು, ಅದಕ್ಕೆ ಲಿಂಗವನ್ನು ಎರಡು ನಿಮಿಷ ಮೇಜಿನ ಮೇಲೆ ತೆಗೆದಿಟ್ಟಿದ್ದೆ, ಮನಸ್ಸಿಗೆ ಸಮಾಧಾನವಿಲ್ಲ ಅಪ್ಪ ಎಂದು ಬರೆದಿದ್ದೆ. ಅಲ್ಲಿಗೆ ಅಪ್ಪನ ಓದು ನಿಂತಿತು. ನೀನು ಬರೆಯದೇ ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಅಪ್ಪನಿಗೆ ಸುಳ್ಳು ಹೇಳಬಾರದು ಎಂದು ಕಲಿತವನು ನೀನು, ಬರೆದೆ. ಜೀವ ಇರುವ ತನಕ ಮೈಮೇಲಿಂದ ಇಳಿಯಬಾರದ್ದನ್ನು ಇಳಿಸಿದ ಮೇಲೆ ಮಾತೇನಿದೆ ಎಂದು ಕಲಿತವರು ಅಪ್ಪ. ಶಿರಸ್ತೇದಾರರ ಕೈ, ಎರಡೇ ಸಾಲಿನ ಕಾರ್ಡು: ‘ಲಿಂಗವನ್ನು ತೆಗೆದು ಕೆಳಗಿಟ್ಟವನು ನನ್ನ ಮಗನಲ್ಲ. ಈ ಮನೆಗೆ ಕಾಗದ ಬರೆಯಕೂಡದು.’ ಅದು ನಿನಗೆ ಮೊಂಬಾಸಾದಲ್ಲಿ ಸಿಕ್ಕಿತು. ಅಮ್ಮ ಆ ದಿನ ಒಲೆ ಹಚ್ಚಲಿಲ್ಲ. ಐವತ್ತೇಳರಲ್ಲಿ ಹಾಸಿಗೆ ಹಿಡಿದಾಗಲೂ ಒಂದೇ ಒಂದು ಸಲ, ‘ಅವನಿಗೊಂದು ಕಾರ್ಡು ಹಾಕಿ’ ಎಂದು ಕೇಳಿದಳು. ಅಪ್ಪ ಎದ್ದು ಬಾವಿಯ ಕಡೆ ಹೋದರು. ಅಮ್ಮ ಹೋದ ಸುದ್ದಿಯನ್ನು ನಿನಗೆ ತಂತಿಯಲ್ಲಿ ತಿಳಿಸಿದವಳು ನಾನು, ಅದೂ ಶಾಲೆಯ ಹತ್ತಿರದ ಪೋಸ್ಟಾಫೀಸಿನಿಂದ. ಇದಕ್ಕಾಗಿ ಅಪ್ಪನ ಮೇಲೆ ನನಗಿರುವ ಕೋಪ ಇನ್ನೂ ಹೋಗಿಲ್ಲ. ಅವರಿಗೆ ಬಿಸಿನೀರು ಕಾಯಿಸಿ ಕೊಡುತ್ತೇನೆ, ಕಾಲು ಒತ್ತುತ್ತೇನೆ, ಕೋಪ ಮಾತ್ರ ಹಾಗೇ ಇದೆ.

ಈ ಪ್ರಯಾಣದ ವಿಷಯ ಅಪ್ಪನಿಗೆ ಮುಚ್ಚಿಡಲಿಲ್ಲ. ಅಣ್ಣ ಕರೆದಿದ್ದಾನೆ, ಬೆಟ್ಟ ನೋಡಿ ಬರುತ್ತೇನೆ, ಮೂರು ತಿಂಗಳು ರಜ ಕೇಳಿದ್ದೇನೆ ಎಂದು ನೇರವಾಗಿ ಹೇಳಿದೆ. ಪತ್ರಿಕೆ ಮಡಿಸಿಟ್ಟು, ‘ಬೆಟ್ಟ ನೋಡೋ ಆಸೆ ಇದ್ರೆ ಹೋಗಿ ಬಾ. ಬೇರೆಯೋರ ವಿಷಯ ನನ್ನ ಹತ್ರ ಬೇಡ’ ಎಂದರು. ಬೇರೆಯವರು ಎಂದರೆ ನೀನು. ಆ ದಿನ ಸಾರಿಗೆ ಬೇಕೆಂದೇ ಉಪ್ಪು ಹಾಕಲಿಲ್ಲ, ಅವರೂ ಬೇಕೆಂದೇ ಕೇಳಲಿಲ್ಲ. ಹಾಗೆಂದು ಸುಮ್ಮನಿರುವವರೂ ಅಲ್ಲ. ಭಾನುವಾರ ನಾನು ಹೊರಡುವಾಗ ಜೇಬಿನ ಗಡಿಯಾರ ನೋಡಿಕೊಳ್ಳುತ್ತಿದ್ದರು, ಬಂದಾಗ ಮತ್ತೆ ನೋಡಿ, ಹೋದ ವಾರಕ್ಕಿಂತ ಇಪ್ಪತ್ತು ನಿಮಿಷ ಕಡಿಮೆ ಎಂದು ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು. ನಾನಿಲ್ಲದಾಗ ನಿಮ್ಮ ಕಂಪನಿಯ ಹಾಳೆಗಳನ್ನು ಓದಿದ್ದಾರೆ ಎಂದೂ ನನಗೆ ಗೊತ್ತು, ಮಡಿಕೆ ಬೇರೆಯಾಗಿತ್ತು. ನಿನ್ನ ಪೆನ್ಸಿಲಿನ ಸಾಲು ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಹೋದ ವಾರ, ಏಳನೇ ತಾರೀಕು ಗುರುವಾರ, ವೈದ್ಯರ ಸರ್ಟಿಫಿಕೇಟಿನ ಕೆಲಸ. ಅಷ್ಟು ಎತ್ತರಕ್ಕೆ ಹೋಗುವವರ ಎದೆ ಸರಿಯಿದೆ ಎಂದು ಎಕ್ಸ್‌ರೇ ಸಮೇತ ತೋರಿಸಬೇಕೆಂದು ನಿಮ್ಮ ಹಾಳೆಯಲ್ಲೇ ಇದೆಯಲ್ಲ. ಹೆಣ್ಣುಮಗಳು ಒಬ್ಬಳೇ ಹೋಗಬಾರದೆಂದು ಅಪ್ಪನೂ ಕೊಡೆ ಹಿಡಿದು ಹೊರಟರು. ಹೊರಗೆ ಬೆಂಚಿನ ಮೇಲೆ ಕೂತು ಅವರು ನಾಲ್ಕು ಸಲ ಕೆಮ್ಮಿದ್ದು ಡಾಕ್ಟರಿಗೆ ಕೇಳಿಸಿತು. ಮಗಳು ಮೂರು ತಿಂಗಳು ಊರಲ್ಲಿರುವುದಿಲ್ಲ, ಯಜಮಾನರದೂ ಒಂದು ತೆಗೆಸಿಬಿಡಿ, ಅವರೂ ನಿಶ್ಚಿಂತೆಯಿಂದ ಹೋಗುತ್ತಾರೆ ಎಂದರು. ಅಪ್ಪ ಒಪ್ಪಿದರು. ಮೊದಲು ನನ್ನ ಸರದಿ. ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದ ಸಣ್ಣ ಕೋಣೆ, ಬಾಗಿಲಿಗೆ ಪರದೆ. ಎಕ್ಸ್‌ರೇ ತೆಗೆಯುವಾತ ಬಹಳ ಮರ್ಯಾದೆಯವನು, ತಲೆ ಬಗ್ಗಿಸಿಕೊಂಡೇ, ‘ಮೇಡಂ, ಕೊರಳಲ್ಲಿರೋದು ತೆಗೆದು ಆ ಟ್ರೇನಲ್ಲಿ ಇಡಿ, ಇಲ್ದಿದ್ರೆ ಅಲ್ಲೊಂದು ಬಿಳೀ ಚುಕ್ಕೆ ಬರುತ್ತೆ’ ಎಂದ. ನಿನಗೂ ಬೊಂಬಾಯಿಯಲ್ಲಿ ಇದೇ ಮಾತು ಹೇಳಿರಬೇಕು, ನೀನೂ ಹೀಗೇ ಅಂಗಿ ಬಿಚ್ಚಿ ಚಳಿಯಲ್ಲಿ ನಿಂತಿರಬೇಕು. ಏನು ಮಾಡಲಿ ಎಂದು ತೋಚದೆ ಪರದೆಯಾಚೆ ಇದ್ದ ಅಪ್ಪನನ್ನು ಕರೆದು ಹೇಳಿದೆ. ಅಪ್ಪ ಒಂದು ಕ್ಷಣವೂ ತಡೆಯಲಿಲ್ಲ. ‘ತೆಗೀಬೇಡ. ದಾರ ಮಣಿಕಟ್ಟಿಗೆ ಸುತ್ತಿ ಅಂಗೈಲಿ ಇಟ್ಕೊ, ಕೈ ಪಕ್ಕಕ್ಕೆ ಚಾಚು. ಅಂಗೈ ಅಂದ್ರೆ ಮೈ ಮೇಲಿದ್ದ ಹಾಗೇ’ ಎಂದರು. ಹಾಗೇ ಮಾಡಿದೆ, ಎಕ್ಸ್‌ರೇ ತೆಗೆದಾಯಿತು, ಚುಕ್ಕೆ ಬರಲಿಲ್ಲ. ಹೊರಗೆ ಬಂದರೆ ಅಪ್ಪ ಕೊಡೆಯ ತುದಿ ನೋಡಿಕೊಂಡು, ‘ಅವನಿಗೆ ಇಷ್ಟು ಹೊಳೀಲಿಲ್ಲ’ ಎಂದರು.

ಹದಿನಾಲ್ಕು ವರ್ಷದ ಮೇಲೆ ನಿನ್ನ ವಿಷಯವಾಗಿ ಅವರ ಬಾಯಿಂದ ಬಂದ ಮೊದಲ ಮಾತು ಅದು. ನೀನು ಎಂಥ ಮಾತಾದರೂ ಸರಿ ಎಂದಿದ್ದೆ, ಆದರೆ ಇಂಥದನ್ನು ಹೊತ್ತು ಸಮುದ್ರ ದಾಟಲು ನನ್ನಿಂದಾಗುವುದಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಅವತ್ತು ಅವನಿಗೆ ನೀವು ಬರೆದ ಕಾರ್ಡಿನಲ್ಲಿ ಈ ಉಪಾಯ ಬರೆಯಬಹುದಿತ್ತಲ್ಲ ಎಂದು ಕೇಳಬೇಕು ಎಂದುಕೊಂಡೆ. ಇಷ್ಟು ಥಟ್ಟನೆ ಹೊಳೆಯಬೇಕಾದರೆ ಎಷ್ಟು ವರ್ಷದಿಂದ ಅದನ್ನೇ ಯೋಚಿಸುತ್ತಿದ್ದರೋ ಎಂದು ನನಗೆ ಅನ್ನಿಸಿದ್ದು ಮನೆಗೆ ಬಂದಮೇಲೆ. ಅಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನನ್ನು ಎಕ್ಸ್‌ರೇಗೆ ಒಳಗೆ ಕರೆದರು.

ನಾನು ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಆತ ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ ಎನ್ನುವುದು ಕೇಳಿಸುತ್ತಿತ್ತು. ಆಮೇಲೆ ಸಿಮೆಂಟು ನೆಲದ ಮೇಲೆ ಲೋಹ ಬಿದ್ದ ಸದ್ದು, ಅದರ ಹಿಂದೆಯೇ ಏನೋ ಉರುಳಿದ ಸದ್ದು. ನಾನು ಪರದೆ ಸರಿಸಿಕೊಂಡು ನುಗ್ಗಿದೆ. ಅಪ್ಪ ಅಂಗಿಯಿಲ್ಲದೆ ಆ ತಗಡಿಗೆ ಎದೆ ಆನಿಸಿ ನಿಂತೇ ಇದ್ದರು, ಎಡಗೈ ಪಕ್ಕಕ್ಕೆ ಚಾಚಿಯೇ ಇತ್ತು, ಅಂಗೈ ಖಾಲಿ. ಮಣಿಕಟ್ಟಿನಿಂದ ದಾರ ಜಾರಿತ್ತು. ಕರಡಿಗೆ ನೆಲದಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು, ಲಿಂಗ ಉರುಳಿ ಸ್ಟ್ಯಾಂಡಿನ ಅಡಿಗೆ ಹೋಗಿತ್ತು. ಆತ ಪಾಪ ಎತ್ತಿಕೊಡಲು ಬಗ್ಗಿದ. ಅಪ್ಪ ಬೇಡ ಎಂದು ತಲೆಯಲ್ಲೇ ಸನ್ನೆ ಮಾಡಿದರು. ನಾನು ಮಂಡಿಯೂರಿ, ಎರಡೂ ಕೈಯಲ್ಲಿ ತೆಗೆದು, ಸೆರಗಿನಲ್ಲಿ ಒರೆಸಿ ಅವರ ಅಂಗೈಯಲ್ಲಿಟ್ಟೆ. ಅಣ್ಣ, ಆ ಕೈ ನಡುಗುತ್ತಿತ್ತು. ದೀಕ್ಷೆಗೆ ಮುಂಚೆ ನಮ್ಮಿಬ್ಬರನ್ನೂ ಕೂರಿಸಿ ಅಂಗೈ ಮೇಲೆ ಗೋಟಡಿಕೆ ಇಟ್ಟು, ಕೈ ಅಲ್ಲಾಡಬಾರದು ಎಂದು ಅಭ್ಯಾಸ ಮಾಡಿಸುತ್ತಿದ್ದವರು ಅವರು. ಅಡಿಕೆ ಬೀಳಿಸಿದವರಿಗೆ ಆ ಬೆಳಿಗ್ಗೆ ಬೆಲ್ಲವಿಲ್ಲ. ಈಗ ಎರಡು ವರ್ಷದಿಂದ ಲೋಟ ಹಿಡಿದಾಗ ಕೈ ನಡುಗುವುದನ್ನು ನಾನು ನೋಡುತ್ತಲೇ ಇದ್ದೆ. ಅವರಿಗೆ ಮುಜುಗರವಾದೀತೆಂದು ನೋಡದವಳ ಹಾಗೆ ಇದ್ದೆ. ಒಂದು ಮಾತು ಹೇಳಿ ನಾನೇ ಪಕ್ಕದಲ್ಲಿ ನಿಂತು ದಾರ ಬಿಗಿಯಾಗಿ ಸುತ್ತಿದ್ದರೆ ಆಗುತ್ತಿತ್ತು.

ಜಟಕಾದಲ್ಲಿ ಮನೆಗೆ ಬರುವಾಗ ಮುಚ್ಚಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಸೌತ್ ಎಂಡ್ ವೃತ್ತ ದಾಟಿದ ಮೇಲೆ ನಾನು, ‘ಅಣ್ಣ ಇವತ್ತಿಗೂ ಒಂದು ದಿನ ಪೂಜೆ ಬಿಟ್ಟಿಲ್ಲ ಅಪ್ಪ, ಪ್ರತಿ ಕಾಗದದಲ್ಲೂ ಬರೀತಾನೆ’ ಎಂದೆ. ಅವರನ್ನು ನೋಯಿಸುವುದಕ್ಕೆ ಹೇಳಿದೆನೋ ಸಮಾಧಾನಕ್ಕೆ ಹೇಳಿದೆನೋ ನನಗೇ ತಿಳಿಯದು. ಅವರು ರಸ್ತೆಯ ಕಡೆ ಮುಖ ತಿರುಗಿಸಿದರು. ಮನೆಗೆ ಬಂದು ಮಣೆಯ ಮುಂದೆ ಕೂತವರು ಏಳಲಿಲ್ಲ. ಗುರುಗಳು ನೋಡಿ ಹೇಳುವ ತನಕ ಪೂಜೆ ಮಾಡುವಂತಿಲ್ಲ, ಪೂಜೆಯಿಲ್ಲದೆ ನೀರೂ ಮುಟ್ಟುವಂತಿಲ್ಲ. ಅರವತ್ತೆಂಟು ವರ್ಷದ ಜೀವ. ಹಿಂದಿನವರಾಗಿದ್ದರೆ ಲಿಂಗ ಬಿದ್ದ ಮೇಲೆ ಪ್ರಾಣ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಒಂದು ಸಲ ಅಂದರು. ಆಗ ನನಗೆ ನಿಜವಾಗಿ ಭಯವಾಯಿತು. ಆ ಪೊಲೀಸ್ ಪ್ಯಾಂಟು, ಬೂಟು, ಹುರಿಹಿಟ್ಟು ಎಲ್ಲವನ್ನೂ ಒಂದು ಮೂಟೆ ಕಟ್ಟಿ ಬಾವಿಗೆ ಹಾಕಿಬಿಡೋಣ ಎನ್ನಿಸಿತು. ನಾನು ಬೆಟ್ಟದ ಆಸೆ ಪಡದಿದ್ದರೆ ಇದು ನಡೆಯುತ್ತಲೇ ಇರಲಿಲ್ಲವಲ್ಲ. ನಮ್ಮ ಗುರುಗಳಾದ ಪರಮಶಿವಯ್ಯನವರನ್ನು ಕರೆತರೋಣವೆಂದು ಮಠಕ್ಕೆ ಓಡಿದರೆ ಅವರು ತುಮಕೂರಿಗೆ ಹೋಗಿದ್ದರು.

ಮಾರನೆಯ ದಿನ ಸಂಜೆ ಐದಕ್ಕೆ ಬಸ್ಸಿನಿಂದ ಇಳಿದು ನೆಟ್ಟಗೆ ನಮ್ಮ ಮನೆಗೇ ಬಂದರು. ಅಲ್ಲಿಗೆ ಒಂದೂವರೆ ದಿನವಾಗಿತ್ತು, ಅಪ್ಪನ ತುಟಿ ಒಡೆದಿತ್ತು. ಅಯ್ಯನವರು ಲಿಂಗವನ್ನು ಬೆಳಕಿಗೆ ಹಿಡಿದು, ಸುತ್ತಲೂ ಬೆರಳಾಡಿಸಿ ನೋಡಿದರು. ಅಪ್ಪ ನಡೆದದ್ದನ್ನೆಲ್ಲ ಸಾಕ್ಷಿ ಹೇಳುವವರ ಹಾಗೆ ನಿಂತುಕೊಂಡೇ ಹೇಳಿದರು. ಬಿತ್ತು ಎನ್ನಲಿಲ್ಲ, ಬೀಳಿಸಿದೆ ಎಂದರು. ಅಯ್ಯನವರು, ‘ಮುಕ್ಕಾಗಿಲ್ಲ, ಬಿರುಕಿಲ್ಲ. ವಯಸ್ಸಾದ ಕೈ, ನಡುಗ್ತದೆ. ಕೂತು ಪೂಜೆ ಮಾಡಿ, ಊಟ ಮಾಡಿ’ ಎಂದರು. ಅಪ್ಪ ಕೂರಲಿಲ್ಲ. ಇಷ್ಟು ಸುಲಭವಾಗಿ ಬಿಡಬಹುದೇ, ನನಗೇನು ಶಿಕ್ಷೆ ಎಂದು ಮತ್ತೆ ಮತ್ತೆ ಕೇಳಿದರು. ಅಯ್ಯನವರಿಗೆ ನಗು ಬಂತು. ‘ಇದೇ ತಪ್ಪು ಮಾಡ್ಕೊಂಡು ಇನ್ಯಾರೋ ನಿಮ್ಮ ಬಾಗಿಲಿಗೆ ಬಂದಿದ್ರೆ ನೀವು ಏನು ಹೇಳ್ತಿದ್ರಿ? ಅದನ್ನೇ ನಿಮಗೂ ಹೇಳ್ಕೊಳ್ಳಿ’ ಎಂದರು. ಅವರಿಗೆ ನಿನ್ನ ಸಂಗತಿ ಗೊತ್ತೇ ಇಲ್ಲ ಅಣ್ಣ. ಮಗ ಆಫ್ರಿಕಾದಲ್ಲಿ ಕೆಲಸದಲ್ಲಿದ್ದಾನೆ ಎಂದಷ್ಟೇ ಊರಿಗೆಲ್ಲ ಹೇಳಿರುವುದು. ಅಪ್ಪನ ಮುಖದಲ್ಲಿ ರಕ್ತ ಇಳಿದುಹೋಯಿತು. ಅಯ್ಯನವರು ಹಸಿವಿನಿಂದ ಸುಸ್ತಾಗಿದ್ದಾರೆ ಎಂದುಕೊಂಡು ಕೈ ಹಿಡಿದು ಕೂರಿಸಿ, ತಾವೇ ವಿಭೂತಿ ಹಚ್ಚಿ, ಲಿಂಗಕ್ಕೆ ನೀರೆರೆದು, ಪೂಜೆ ಮುಗಿಯುವ ತನಕ ಅಪ್ಪನ ಅಂಗೈ ಕೆಳಗೆ ತಮ್ಮ ಅಂಗೈ ಇಟ್ಟುಕೊಂಡಿದ್ದರು. ಆ ಸಂಜೆ ಅಪ್ಪ ಅರ್ಧ ಲೋಟ ಗಂಜಿ ಕುಡಿದರು.

ಅದು ಕಳೆದು ಇವತ್ತಿಗೆ ಎಂಟು ದಿನ. ಈಗ ಊಟ ಮಾಡುತ್ತಾರೆ, ಪತ್ರಿಕೆ ಓದುತ್ತಾರೆ, ಪೂಜೆಯ ಹೊತ್ತಿಗೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ನಾನೂ ಅಯ್ಯನವರ ಹಾಗೆ ಅವರ ಕೈ ಕೆಳಗೆ ಕೈ ಹಿಡಿಯುತ್ತೇನೆ. ಅಷ್ಟು ಹತ್ತಿರ ಕೂತಾಗಲೂ ಒಂದು ಮಾತಿಲ್ಲ. ಎಕ್ಸ್‌ರೇಯಲ್ಲಿ ನನ್ನ ಎದೆಯೂ ಸರಿಯಿದೆ, ಅವರದೂ ಸರಿಯಿದೆ. ನನ್ನ ಪಾಸ್‌ಪೋರ್ಟು ಮದರಾಸಿನಿಂದ ಬಂತು, ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡಾಯಿತು, ಡಿಸೆಂಬರ್ ಹನ್ನೆರಡಕ್ಕೆ ಬೊಂಬಾಯಿಯಿಂದ ಹಡಗು. ನಾನಿಲ್ಲದಾಗ ಅಪ್ಪನ ಜೊತೆ ಇರಲು ಅಮ್ಮಣ್ಣಿ ಅತ್ತೆ ತುಮಕೂರಿನಿಂದ ಬರುತ್ತಾಳೆ. ಹೋಗುವುದು ಬೇಡ ಎಂದು ನಾನೇ ಒಮ್ಮೆ ಬಾಯಿಬಿಟ್ಟಾಗ ಅಪ್ಪ, ಬೂಟು ಹೊಲಿಸಿದ್ದೀಯ ಎಂದಷ್ಟೇ ಅಂದರು. ಹಾಗಾಗಿ ಬರುತ್ತೇನೆ. ಆದರೆ ನೀನು ಕೇಳಿದ್ದನ್ನು ತರಲು ನನ್ನಿಂದಾಗಲಿಲ್ಲ ಅಣ್ಣ. ಎದುರಿಗೆ ನಿಂತು, ಅವನಿಗೆ ಏನು ಹೇಳಲಿ ಎಂದು ಕೇಳುವ ಧೈರ್ಯ ಈ ಎಂಟು ದಿನದಲ್ಲಿ ದಿನಾ ಬಂತು, ದಿನಾ ಹೋಯಿತು. ಆ ಖಾಲಿ ಅಂಗೈ ನೋಡಿದ ಮೇಲೆ ನನ್ನ ಬಾಯಿಗೆ ಬಲ ಸಾಲದು. ಮೊಂಬಾಸಾದಲ್ಲಿ ನಾನು ಹಡಗಿನಿಂದ ಇಳಿದಾಗ ಮೊದಲು ನನ್ನ ಮುಖ ನೋಡಿ ಏನು ತಂದಿದ್ದೀಯ ಎಂದು ಕೇಳಬೇಡ. ಹುರಿಹಿಟ್ಟು ಇದೆ, ಮೆಂತ್ಯದ ಹಿಟ್ಟು ಇದೆ, ಅಮ್ಮನ ಒಂದು ಫೋಟೊ ಇದೆ. ಇಷ್ಟರಲ್ಲಿ ಸಮಾಧಾನ ಮಾಡಿಕೋ.

ಬೆಚ್ಚಗೆ ಇರು, ಜ್ವರ ಬಂದರೆ ಮುಚ್ಚಿಡಬೇಡ, ಮೊಣಕಾಲಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು. ಮುನಿಲಕ್ಷ್ಮಮ್ಮ ನಿನ್ನನ್ನು ಕಾಣದಿದ್ದರೂ ಕೇಳಿದೆ ಎಂದು ಬರೆಯಲು ಹೇಳಿದ್ದಾಳೆ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಸರ್ವಮಂಗಳಾ

ವಿ. ಸೂ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಬಂದು ನಿಂತರು. ಯಾರಿಗೆ ಎಂದು ಕೇಳಲಿಲ್ಲ. ಜಾಗ ಉಳಿದಿದೆಯೇ ಎಂದು ಕೇಳಿದರು. ಇದೆ ಎಂದೆ. ತಾವು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆಯಬೇಕೆಂದರು. ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು: ‘ಲಿಂಗ ಕೆಳಗಿಟ್ಟೋನು ನನ್ನ ಮಗ ಅಲ್ಲ ಅಂತ ಬರ್ದಿದ್ದೆ. ನಾನು ನೆಲಕ್ಕೇ ಬೀಳಿಸಿದೀನಿ. ಇಂಥೋನನ್ನ ಅವನು ಅಪ್ಪ ಅಂತಾನಾ ಕೇಳು.’ ನೀನು ನನ್ನ ಹಡಗು ಬರುವ ತನಕ ಕಾಯದೆ ಕೂಡಲೇ ಉತ್ತರ ಬರೆಯಬೇಕಂತೆ, ಶಾಲೆಗಲ್ಲ, ಮನೆಗೆ. ಇದನ್ನು ಪೋಸ್ಟಿಗೆ ತಾವೇ ಹಾಕುತ್ತಾರಂತೆ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ಕೊಡುತ್ತಿದ್ದೇನೆ.